ಕಾಟಿಪಳ್ಳ: ಬಂದರಿಗಾಗಿ ಊರು ಬಿಟ್ಟವರು ಕಟ್ಟಿದ ಊರು

ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ "ಕಾಟಿಪಳ್ಳ, 3ನೇ ಬ್ಲಾಕ್", "ಕೃಷ್ಣಾಪುರ, 7ನೇ ಬ್ಲಾಕ್" ಎಂಬ ವಿಳಾಸಗಳನ್ನು ನಾವು ಪ್ರತಿ ವರ್ಷ ಓದುತ್ತೇವೆ. ಹಳ್ಳಿಯ ಹೆಸರಿನ ಜೊತೆ ಈ ಬ್ಲಾಕ್ ಸಂಖ್ಯೆ ಏಕೆ ಎಂದು ದೂರದ ಊರುಗಳಲ್ಲಿರುವ ನಮ್ಮ ದಾನಿಗಳು ಕೇಳುವುದುಂಟು. ಉತ್ತರ ಆ ಊರಿನ ಚರಿತ್ರೆಯಲ್ಲೇ ಇದೆ.

ಅರುವತ್ತು ವರ್ಷಗಳ ಹಿಂದೆ ಕಾಟಿಪಳ್ಳ ಸುರತ್ಕಲ್‌ನ ಒಳಭಾಗದ ಒಂದು ಸಣ್ಣ ಹಳ್ಳಿ. ಮುರಕಲ್ಲಿನ ಗುಡ್ಡ, ಅಲ್ಲಲ್ಲಿ ಕೆಲವು ಮನೆಗಳು. ಆಗ ಮಂಗಳೂರಿಗೆ ಇದ್ದದ್ದು ನದಿ ಬಾಯಿಯ ಹಳೆ ಬಂದರು ಮಾತ್ರ. ದೊಡ್ಡ ಹಡಗುಗಳು ಒಳಬರಲಾಗದೆ ದೂರ ಸಮುದ್ರದಲ್ಲೇ ನಿಲ್ಲುತ್ತಿದ್ದವು. ಆದ್ದರಿಂದ ಪಣಂಬೂರಿನಲ್ಲಿ ಹೊಸ ಬಂದರು ಕಟ್ಟುವ ತೀರ್ಮಾನವಾಯಿತು. ಅಲ್ಲಿ ಸಹಜ ಕೊಲ್ಲಿ ಇರಲಿಲ್ಲ. ನೆಲವನ್ನು ಅಗೆದು, ಸಮುದ್ರದ ನೀರನ್ನು ಒಳಕ್ಕೆ ತಂದು ಮಾಡಿದ ಕೃತಕ ಬಂದರು ಅದು. ಇಂದು ಹಡಗು ನಿಲ್ಲುವ ಜಾಗದಲ್ಲಿ ಹಿಂದೆ ಜನರ ಬದುಕಿತ್ತು.

1960ರ ದಶಕದಲ್ಲಿ ಪಣಂಬೂರು ಪರಿಸರದ ಕುಟುಂಬಗಳನ್ನು ಎಬ್ಬಿಸಿ ಕಾಟಿಪಳ್ಳ ಮತ್ತು ಕೃಷ್ಣಾಪುರದಲ್ಲಿ ನಿವೇಶನ ನೀಡಲಾಯಿತು. ನಿವೇಶನಗಳನ್ನು ಬ್ಲಾಕ್‌ಗಳಾಗಿ ವಿಂಗಡಿಸಿ ಸಂಖ್ಯೆ ಕೊಟ್ಟರು. ಆ ಸಂಖ್ಯೆಗಳೇ ಇಂದಿಗೂ ವಿಳಾಸ. ಬ್ಯಾರಿಗಳು, ಮೊಗವೀರರು, ಬಿಲ್ಲವರು, ಬಂಟರು ಹೀಗೆ ಎಲ್ಲ ಸಮುದಾಯದವರೂ ಹೊಸ ನೆರೆಕರೆಯವರಾದರು. ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆಯಾಯಿತು.

ಅದೇ ವರ್ಷ ಮತ್ತೊಂದು ದೊಡ್ಡ ಬದಲಾವಣೆ ಬಂತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಡಿಕ್ಲರೇಶನ್ ಕೊಟ್ಟು ಒಡೆಯರಾಗುವ ಅವಕಾಶ ಸಿಕ್ಕಿತು. ದಕ್ಷಿಣ ಕನ್ನಡದ ಎಷ್ಟೋ ಚಾಲಗೇಣಿ ಕುಟುಂಬಗಳ ಹಣೆಬರಹ ಬದಲಾದದ್ದು ಹೀಗೆ. ಆದರೆ ಪಣಂಬೂರಿನಲ್ಲಿ ಗೇಣಿಗೆ ಉಳುತ್ತಿದ್ದವರ ಗದ್ದೆ ಅಷ್ಟರಲ್ಲಿ ಬಂದರಿನ ಪಾಲಾಗಿತ್ತು. ಡಿಕ್ಲರೇಶನ್ ಕೊಡಲು ಅವರ ಬಳಿ ಗದ್ದೆಯೇ ಇರಲಿಲ್ಲ. ಕೆಲವೇ ವರ್ಷಗಳ ಅಂತರದಲ್ಲಿ ಅವರ ಕೈತಪ್ಪಿದ್ದು ಒಂದು ತಲೆಮಾರಿನ ಆಸ್ತಿ.

ಮುಂದೆ ಈ ಭಾಗದಲ್ಲಿ ರಸಗೊಬ್ಬರ ಕಾರ್ಖಾನೆ ಬಂತು, ಬೈಕಂಪಾಡಿಯ ಕೈಗಾರಿಕಾ ಪ್ರದೇಶ ಬೆಳೆಯಿತು. 1990ರ ದಶಕದಲ್ಲಿ ಪಕ್ಕದ ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ತಲೆಯೆತ್ತಿತು. ಗುಡ್ಡದ ಹಳ್ಳಿ ಇಂದು ಮಹಾನಗರ ಪಾಲಿಕೆಯ ವಾರ್ಡ್‌ಗಳಾಗಿದೆ. ಮಸೀದಿ, ದೇವಸ್ಥಾನ, ಶಾಲೆ, ಪೇಟೆ ಎಲ್ಲವೂ ಇವೆ. ಗಲ್ಫ್‌ಗೆ ಹೋದ ಮಕ್ಕಳ ದುಡಿಮೆಯಿಂದ ಎದ್ದ ಮನೆಗಳೂ ಇವೆ.

ಆದರೆ ಕೆಲಸ ಹತ್ತಿರ ಬಂದರೆ ಸಾಲದು, ಅದಕ್ಕೆ ಬೇಕಾದ ಓದೂ ಕೈಯಲ್ಲಿರಬೇಕು. ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು, ಇಂದಿನ ಎನ್‌ಐಟಿಕೆ, ಶುರುವಾದದ್ದು 1960ರಲ್ಲಿ. ಬ್ಲಾಕ್‌ಗಳಿಂದ ಅದು ಕೆಲವೇ ಕಿಲೋಮೀಟರ್ ದೂರ. ಆದರೆ ಗದ್ದೆ ಕಳಕೊಂಡು ಕೂಲಿಗೆ ಇಳಿದ ಮನೆಯ ಹುಡುಗನಿಗೆ ಆ ಕೆಲವು ಕಿಲೋಮೀಟರ್ ಬಹಳ ದೂರವೇ ಆಗಿತ್ತು.

ಅರ್ಜಿಯ "ಕುಟುಂಬದ ಆಸ್ತಿ" ಎಂಬ ಕಾಲಂನಲ್ಲಿ ಈ ಬ್ಲಾಕ್‌ಗಳ ಅನೇಕರು ಬರೆಯುವುದು ಒಂದೇ ಮಾತು: "ಮನೆ ಜಾಗ ಮಾತ್ರ". ಅದನ್ನು ಓದುವಾಗ ಈ ಚರಿತ್ರೆ ನಮಗೆ ನೆನಪಾಗುತ್ತದೆ. ಅಜ್ಜನಿಗೆ ಮಕ್ಕಳ ಕೈಗೆ ಗದ್ದೆ ಕೊಡಲಾಗಲಿಲ್ಲ. ಮೊಮ್ಮಗಳಿಗೆ ಒಂದು ಪದವಿಯನ್ನಾದರೂ ಕೊಡಲು ಸಾಧ್ಯವಿದೆ. ಪದವಿಯನ್ನು ಯಾವ ಯೋಜನೆಗಾಗಿಯೂ ಯಾರೂ ಸ್ವಾಧೀನಪಡಿಸಿಕೊಳ್ಳುವಂತಿಲ್ಲ. ದಾನಿಗಳ ಹಣ ಹೋಗುತ್ತಿರುವುದು ಆ ಕೆಲಸಕ್ಕೆ.

ಅರ್ಜಿ ಹಾಕುವ ಕುಟುಂಬಗಳಿಗೆ ಒಂದು ಮಾತು. ಹಿರಿಯರ ಹಳೆಯ ದಾಖಲೆಯಲ್ಲಿ ಪಣಂಬೂರು, ನಿಮ್ಮ ಪಡಿತರ ಚೀಟಿಯಲ್ಲಿ ಕಾಟಿಪಳ್ಳ ಎಂದಿದ್ದರೆ ಅಳುಕಬೇಡಿ. ಎರಡನ್ನೂ ಹಾಗೆಯೇ ಲಗತ್ತಿಸಿ. ಊರು ಬೇರೆಯಾದದ್ದೇಕೆಂದು ನಮಗೆ ಗೊತ್ತಿದೆ. ಮನೆಯಲ್ಲಿ ಹಿರಿಯರಿದ್ದರೆ, ಅರ್ಜಿ ತುಂಬುವ ದಿನ ಆ ಹಳೆಯ ಊರಿನ ಕಥೆಯನ್ನು ಮಕ್ಕಳಿಗೆ ಒಮ್ಮೆ ಹೇಳಿಸಿ.