ತೋಟದ ಮನೆಗೆ ಬಂದ ಅತಿಥಿಗೆ ಏನು ತೋರಿಸೋಣ?



ಮೈಸೂರು ನೋಡಲು ಬರುವವರಲ್ಲಿ ಹಲವರು ಈಗ ಪಟ್ಟಣದ ಹೋಟೆಲು ಬಿಟ್ಟು ಹಳ್ಳಿಯ ಮನೆಯಲ್ಲಿ ಒಂದೆರಡು ರಾತ್ರಿ ತಂಗಲು ಇಷ್ಟಪಡುತ್ತಾರೆ. ಮಲಗಲು ಶುಚಿಯಾದ ಕೋಣೆ, ಬೆಳಗ್ಗೆ ಬಿಸಿ ತಿಂಡಿ ಕೊಡುವ ಈ ಏರ್ಪಾಡಿಗೆ ಹೋಂಸ್ಟೇ ಎನ್ನುತ್ತಾರೆ. ಉದಯಗಿರಿಯಿಂದ ಮಹದೇವಪುರ ರಸ್ತೆ ಹಿಡಿದು ರಮ್ಮನಹಳ್ಳಿಯ ಕಡೆಗೆ ಹೊರಟರೆ ಊರಿನ ಗದ್ದಲ ಹಿಂದೆ ಉಳಿದು ಹೊಲ ಗದ್ದೆ ಕಾಣಸಿಗುತ್ತವೆ. ಇಂಥ ಕಡೆ ಮನೆ, ಕೊಟ್ಟಿಗೆ ಇರುವ ಸದಸ್ಯರು ಈ ಉಪಕಸುಬಿನ ಬಗ್ಗೆ ಯೋಚಿಸುವುದು ಸಹಜ.

ಆದರೆ ಎಲ್ಲರಿಗೂ ಬರುವ ಪ್ರಶ್ನೆ ಒಂದೇ: "ನಮ್ಮೂರಲ್ಲಿ ನೋಡೋಕೆ ಏನಿದೆ?" ಈ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದೆ ಕೋಣೆ ಕಟ್ಟಿಸಬೇಡಿ. ಮಾಡಲು ಏನೂ ಇಲ್ಲದ ಅತಿಥಿ ಒಂದು ರಾತ್ರಿ ಮಲಗಿ ಹೊರಡುತ್ತಾನೆ. ಕೈಗೆ ಕೆಲಸ, ಕಣ್ಣಿಗೆ ನೋಟ ಸಿಕ್ಕವನು ಇನ್ನೊಂದು ದಿನ ಉಳಿಯುತ್ತಾನೆ, ಮತ್ತೆ ನಾಲ್ಕು ಜನರನ್ನು ಕಳಿಸುತ್ತಾನೆ.

ಹಸು ಮೊದಲು, ಅತಿಥಿ ಆಮೇಲೆ

ಇಟಲಿ ದೇಶವು 1985ರಲ್ಲಿಯೇ ರೈತರ ಮನೆಯ ಪ್ರವಾಸೋದ್ಯಮಕ್ಕೆ ಕಾನೂನು ಮಾಡಿತು. ಅದರ ತಿರುಳು ಇಷ್ಟೆ: ಬೇಸಾಯ ಮತ್ತು ಹೈನುಗಾರಿಕೆ ಮುಖ್ಯ ಕಸುಬಾಗಿ ಉಳಿಯಬೇಕು, ಅತಿಥಿ ಸತ್ಕಾರ ಅದಕ್ಕೆ ಜೋಡಣೆಯಾಗಿರಬೇಕು. ನಮಗೂ ಇದೇ ಸರಿಯಾದ ದಾರಿ. ಅತಿಥಿಯ ಹಣ ಬಂದರೆ ಬಂತು, ಇಲ್ಲವಾದರೆ ಇಲ್ಲ. ಹಾಲಿನ ಬಟವಾಡೆ ಮಾತ್ರ ತಪ್ಪಬಾರದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಚೋದಕ ರಸ ಸೇರಿ ಹಾಲು ಇಳಿಯುತ್ತದೆ. ಇದರ ಪ್ರಭಾವ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿನಲ್ಲಿ ಅಪರಿಚಿತರ ಗುಂಪು, ಕೂಗಾಟ, ಕ್ಯಾಮೆರಾದ ಬೆಳಕಿನಿಂದ ಹಸು ಬೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ರಸ ಹೊರಟು ಹಾಲು ಇಳಿಯುವುದನ್ನು ತಡೆಯುತ್ತದೆ. ಕೆಚ್ಚಲಲ್ಲಿ ಉಳಿದ ಹಾಲು ಅಂದಿನ ಅಳತೆಯನ್ನು ತಗ್ಗಿಸುವುದಲ್ಲದೆ ಕೆಚ್ಚಲು ಬಾವಿಗೂ ದಾರಿ ಮಾಡಿಕೊಡಬಹುದು. ಆದ್ದರಿಂದ ಅತಿಥಿ ಏಳಲಿ, ಏಳದಿರಲಿ, ಕರೆಯುವ ಹೊತ್ತು ಬದಲಾಗಬಾರದು.

ಮನೆಯಂಗಳದಲ್ಲಿ

ನಮಗೆ ದಿನನಿತ್ಯದ ಕೆಲಸವಾದದ್ದು ಪಟ್ಟಣದವರಿಗೆ ಹೊಸದು. ಬೆಳಗ್ಗೆ ಕೊಟ್ಟಿಗೆಯ ಹೊರಗೆ ನಿಂತು ಹಾಲು ಕರೆಯುವುದನ್ನು ನೋಡಲಿ. ನಂತರ ನಿಮ್ಮೊಂದಿಗೆ ಕ್ಯಾನು ಹಿಡಿದು ಡೇರಿಗೆ ಬರಲಿ. ಸಾಲಿನಲ್ಲಿ ನಿಂತ ಜನ, ಹಾಲಿನ ಅಳತೆ, ಜಿಡ್ಡಿನಂಶದ ಪರೀಕ್ಷೆ, ಅದಕ್ಕೆ ತಕ್ಕಂತೆ ಬೀಳುವ ದರ, ಇವನ್ನೆಲ್ಲ ತಾವು ಕುಡಿಯುವ ಪೊಟ್ಟಣದ ಹಾಲಿನ ಹಿಂದಿನ ಕಥೆಯಾಗಿ ಅವರು ನೋಡುತ್ತಾರೆ. ಸಂಘದ ಕಾರ್ಯದರ್ಶಿಯವರಿಗೆ ಹಿಂದಿನ ದಿನವೇ ತಿಳಿಸಿ, ಹಾಲು ಶೇಖರಣೆಗೆ ಅಡ್ಡಿಯಾಗದಂತೆ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ ಮೊಸರು ಕಡೆಯುವುದು, ಬೆಣ್ಣೆ ಕಾಯಿಸಿ ತುಪ್ಪ ಮಾಡುವುದು, ರಾಗಿ ರೊಟ್ಟಿ ತಟ್ಟುವುದು ಇವುಗಳಲ್ಲಿ ಕೈ ಹಾಕಲಿ. ಗೋಬರ್ ಗ್ಯಾಸ್ ಇದ್ದರೆ ಸಗಣಿಯಿಂದ ಒಲೆ ಉರಿಯುವುದನ್ನು ತೋರಿಸಿ. "ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯ ಅರ್ಥ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ಮೇವು ಕತ್ತರಿಸುವ ಯಂತ್ರದ ಹತ್ತಿರ ಮಾತ್ರ ಮಕ್ಕಳನ್ನು ಬಿಡಬೇಡಿ.

ನಾಟಿ ಹಸು, ಹಳ್ಳಿಕಾರ್ ಎತ್ತು ಇದ್ದರೆ ಹೇಳಲು ಇತಿಹಾಸವೂ ಇದೆ. ಚಿಕ್ಕದೇವರಾಜ ಒಡೆಯರು ರಾಸುಗಳ ಪಾಲನೆಗೆ "ಬೆಣ್ಣೆ ಚಾವಡಿ"ಯನ್ನು ಸ್ಥಾಪಿಸಿದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು "ಅಮೃತ ಮಹಲ್" ಆಯಿತು. ಆ ಹೆಸರಿನ ತಳಿ ಇಂದಿಗೂ ಉಳಿದಿದೆ.

ನಡೆದು ಹೋಗುವ ದೂರದಲ್ಲಿ

ಬಿಸಿಲೇರುವ ಮುನ್ನ ಹೊಲದ ಬದುವಿನ ಮೇಲೆ ಒಂದು ಗಂಟೆಯ ನಡಿಗೆ ಸಾಕು. ಯಾವುದು ರಾಗಿ, ಯಾವುದು ಭತ್ತ, ಯಾವುದು ಮೇವಿನ ಜೋಳ ಎಂದು ಗುರುತಿಸುವುದೇ ಅವರಿಗೆ ಪಾಠ. ಕಬ್ಬಿನ ಕಾಲದಲ್ಲಿ ಹತ್ತಿರ ಆಲೆಮನೆ ನಡೆಯುತ್ತಿದ್ದರೆ ಮಾಲೀಕರನ್ನು ಕೇಳಿಕೊಂಡು ಕರೆದೊಯ್ಯಿರಿ. ಊರ ಕೆರೆ, ವಾರದ ಸಂತೆ, ಹಬ್ಬದ ದಿನ ದೇವಸ್ಥಾನ ಇವೂ ಆಗುತ್ತವೆ. ಜಾತ್ರೆ, ಹಬ್ಬಗಳ ದಿನಾಂಕವನ್ನು ಬರೆದು ಗೋಡೆಗೆ ಅಂಟಿಸಿ.

ಮಹದೇವಪುರದ ಕಾವೇರಿ ತೀರದಲ್ಲಿ ಅನೇಕ ಸಿನಿಮಾ ಚಿತ್ರೀಕರಣಗಳು ನಡೆದಿವೆ. ಅತಿಥಿಗಳು ಅಲ್ಲಿಗೆ ಹೋಗಬಯಸುತ್ತಾರೆ. ದಡದಲ್ಲಿ ಕುಳಿತು ಬರಲಿ, ನೀರಿಗೆ ಇಳಿಸಬೇಡಿ. ಸುಳಿ, ಗುಂಡಿಗಳು ಹೊಸಬರಿಗೆ ತಿಳಿಯುವುದಿಲ್ಲ. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟಾಗ ಹರಿವು ಏರುತ್ತದೆ.

ಅರ್ಧ ದಿನದ ಪ್ರವಾಸ

ತಿಂಡಿಯ ನಂತರ ಅತಿಥಿಯನ್ನು ಹೊರಗೆ ಕಳಿಸಿದರೆ ನಿಮ್ಮ ಹೊಲಮನೆ ಕೆಲಸಕ್ಕೂ ಬಿಡುವು ಸಿಗುತ್ತದೆ. ಪೂರ್ವದಲ್ಲಿ ಬನ್ನೂರಿನ ಕಡೆಯಿಂದ ಸೋಮನಾಥಪುರಕ್ಕೆ ಹೋಗಬಹುದು. ಹೊಯ್ಸಳರ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಅಲ್ಲಿದೆ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಇದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂರು ಗರ್ಭಗುಡಿಗಳಲ್ಲಿ ಒಂದರಲ್ಲಿ ವೇಣುಗೋಪಾಲನಿದ್ದಾನೆ. ಕೊಳಲಿಗೆ ಕಿವಿಗೊಟ್ಟ ಹಸುಗಳನ್ನು ಶಿಲ್ಪಿ ಕಡೆದಿರುವುದನ್ನು ಹೈನುಗಾರರಾದ ನಾವು ತಪ್ಪದೆ ತೋರಿಸಬೇಕು.

ಉತ್ತರಕ್ಕೆ ಶ್ರೀರಂಗಪಟ್ಟಣ, ಅದರ ಹತ್ತಿರ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಈ ಸ್ಥಳ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹೊಳೆ ತುಂಬಿ ಹರಿಯುವಾಗ ದೋಣಿ ನಿಲ್ಲಿಸುತ್ತಾರೆ. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು. ಉದಯಗಿರಿಯಿಂದ ದೂರವಿಲ್ಲದ ಕಾರಂಜಿ ಕೆರೆ ಮತ್ತು 1892ರಲ್ಲಿ ಆರಂಭವಾದ ಮೃಗಾಲಯಕ್ಕೆ ಮಂಗಳವಾರ ರಜೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರನ್ನು ಬೆಳಗಿನ ತಂಪಿನಲ್ಲಿ ಕಳಿಸಿ, ದಾರಿಯಲ್ಲಿ ಏಕಶಿಲೆಯ ದೊಡ್ಡ ನಂದಿ ಸಿಗುತ್ತದೆ. ಅರಮನೆಯ ದೀಪಾಲಂಕಾರ ಭಾನುವಾರ ಹಾಗೂ ಸರ್ಕಾರಿ ರಜಾದಿನಗಳ ಸಂಜೆ ಇರುತ್ತದೆ.

ಕೊಟ್ಟಿಗೆಯ ಕಟ್ಟುಪಾಡು

1. ಕಾಲುಬಾಯಿ ಜ್ವರದ ವೈರಾಣು ಚಪ್ಪಲಿ, ಬಟ್ಟೆಗೆ ಅಂಟಿಕೊಂಡು ಬರಬಲ್ಲದು. ಲೀಟರಿಗೆ 40 ಗ್ರಾಂನಂತೆ ವಾಷಿಂಗ್ ಸೋಡಾ ಕಲಸಿದ ನೀರಿನಲ್ಲಿ ಗೋಣಿ ನೆನೆಸಿ ಕೊಟ್ಟಿಗೆಯ ಬಾಗಿಲಲ್ಲಿ ಹಾಸಿ. ಅದನ್ನು ತುಳಿದೇ ಒಳಗೆ ಬರಲಿ. ಬೇರೆ ಕೊಟ್ಟಿಗೆ ನೋಡಿ ಬಂದವರು ಚಪ್ಪಲಿ ತೊಳೆಯಲಿ.

2. ರಾಸುಗಳಿಗೆ ಕಾಲಕಾಲಕ್ಕೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿ. ಊರಿನಲ್ಲಿ ರೋಗ ಕಂಡರೆ ಅತಿಥಿಗಳನ್ನು ಕೊಟ್ಟಿಗೆಗೆ ಬಿಡಬೇಡಿ.

3. "ನೊರೆ ಹಾಲು ಕುಡಿಯಬೇಕು" ಎಂದು ಕೇಳುವವರಿದ್ದಾರೆ. ಎಷ್ಟೇ ಒತ್ತಾಯಿಸಿದರೂ ಹಸಿ ಹಾಲು ಕೊಡಬೇಡಿ. ರಾಸುಗಳು ಕಂದು ಹಾಕುವ ಬ್ರುಸೆಲ್ಲೋಸಿಸ್ ರೋಗ ಮತ್ತು ಕ್ಷಯ ಹಸಿ ಹಾಲಿನಿಂದ ಮನುಷ್ಯರಿಗೆ ಬರಬಲ್ಲವು. ಕಾಯಿಸಿದ ಹಾಲನ್ನೇ ಕೊಡಿ.

4. ಪ್ರೀತಿಯಿಂದ ಅನ್ನ, ಬ್ರೆಡ್ಡು, ಸಿಹಿ ತಿನ್ನಿಸಲು ಬಿಡಬೇಡಿ. ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿಯೇರಿ ಹಸು ಮೇವು ಬಿಡುತ್ತದೆ, ಪ್ರಾಣಕ್ಕೂ ಅಪಾಯ. ಹಸಿ ಮೇವಿನ ಸಣ್ಣ ಕಂತೆಯನ್ನು ನೀವೇ ಕೈಗೆ ಕೊಡಿ. ಪ್ಲಾಸ್ಟಿಕ್ ಚೀಲ ಕೊಟ್ಟಿಗೆಯ ಬಳಿ ಸುಳಿಯಬಾರದು.

5. ಈದ ಹಸು, ಗೂಳಿ, ಹೊಸದಾಗಿ ತಂದ ರಾಸುಗಳ ಹತ್ತಿರ ಯಾರನ್ನೂ ಬಿಡಬೇಡಿ.

ಕೈ ಹಾಕುವ ಮುನ್ನ

ಹೋಂಸ್ಟೇ ನಡೆಸಲು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಕೇಂದ್ರ ಸರ್ಕಾರದ ಯೋಜನೆಯಲ್ಲಿ 1ರಿಂದ 6 ಕೋಣೆಗಳಿಗೆ ಅವಕಾಶವಿದ್ದು, ಮನೆಯವರು ಅಲ್ಲಿಯೇ ವಾಸವಿರಬೇಕು. ಬಂದವರ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರ ಬರೆದಿಡಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಸಲ್ಲಿಸಬೇಕು.

ಇನ್ನೊಂದು ಮುಖ್ಯ ಮಾತು. ಹಾಲು ಕರೆಯುವುದು, ಸಗಣಿ ಬಾಚುವುದು, ಅಡುಗೆ ಇವೆಲ್ಲ ಬಹುಪಾಲು ಮನೆಗಳಲ್ಲಿ ಹೆಣ್ಣುಮಕ್ಕಳ ಹೆಗಲ ಮೇಲಿವೆ. ಅತಿಥಿ ಬಂದರೆ ಅದೇ ಹೆಗಲ ಮೇಲೆ ಇನ್ನೊಂದು ಹೊರೆ. ಅವರು ಮನಸಾರೆ ಒಪ್ಪಿದರೆ ಮಾತ್ರ ಶುರುಮಾಡಿ, ಬಂದ ಹಣದಲ್ಲಿ ಅವರ ಪಾಲನ್ನು ಅವರ ಕೈಗೇ ಕೊಡಿ.

ಒಂದೇ ಕೋಣೆಯಿಂದ ಆರಂಭಿಸಿ. ಅತಿಥಿ ಇದ್ದ ದಿನಗಳನ್ನು ಹಾಲಿನ ಪಾಸ್ ಪುಸ್ತಕದಲ್ಲಿ ಗುರುತು ಮಾಡಿ, ಮೂರು ತಿಂಗಳ ನಂತರ ಅಳತೆ ಮತ್ತು ಜಿಡ್ಡಿನಂಶವನ್ನು ಬೇರೆ ದಿನಗಳೊಂದಿಗೆ ಹೋಲಿಸಿ ನೋಡಿ. ಎರಡೂ ತಗ್ಗದಿದ್ದರೆ ಎರಡನೆಯ ಕೋಣೆಯ ಯೋಚನೆ ಮಾಡಬಹುದು. ತಗ್ಗಿದ್ದರೆ ಮೊದಲು ಕೊಟ್ಟಿಗೆಯ ಕಟ್ಟುಪಾಡು ಸರಿಪಡಿಸಿ. ರಾಸುಗಳ ಆರೋಗ್ಯದ ಬಗ್ಗೆ ಸಂದೇಹವಿದ್ದರೆ ನಿಮ್ಮ ಸಂಘಕ್ಕೆ ಬರುವ ವಿಸ್ತರಣಾಧಿಕಾರಿ ಅಥವಾ ಪಶುವೈದ್ಯರನ್ನು ಕೇಳಿ ತಿಳಿದುಕೊಳ್ಳಿ.