ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು



ಒಂದು ನಾಡು ಪರರಾಜ್ಯಕ್ಕೆ ಸೇರಿಹೋದರೆ ಅಲ್ಲಿಯ ಶಾಲೆ, ಕಚೇರಿಗಳ ಮಾತು ಯಾವುದಾದೀತು? ಗಡಿಯಲ್ಲಿ ಬಾಳುವ ನಿಮಗೆ ಈ ಪ್ರಶ್ನೆ ಹೊಸದಲ್ಲ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯ 1870ರಲ್ಲಿ ಅಮೆರಿಕಕ್ಕೆ ಸೇರುವುದು ಸ್ವಲ್ಪದರಲ್ಲೇ ತಪ್ಪಿತು. ಸೇರಿದ್ದರೆ ಏನಾಗುತ್ತಿತ್ತು, ನೋಡೋಣ.

ಸ್ಪ್ಯಾನಿಷ್ ಮಾತಿನ ಈ ದೇಶ 1844ರಲ್ಲಿ ನೆರೆಯ ಹೈಟಿಯಿಂದ ಬೇರೆಯಾಯಿತು. 1861ರಲ್ಲಿ ಮತ್ತೆ ಸ್ಪೇನಿನ ಕೈಸೇರಿ, 1865ರಲ್ಲಿ ಹೋರಾಡಿ ಬಿಡಿಸಿಕೊಂಡಿತು. ಖಜಾನೆ ಬರಿದಾಗಿತ್ತು. ಅಧ್ಯಕ್ಷ ಬಯೇಸ್ ದೇಶವನ್ನೇ ಅಮೆರಿಕಕ್ಕೆ ಒಪ್ಪಿಸಲು ಮುಂದಾದರು. ಅಮೆರಿಕದ ಅಧ್ಯಕ್ಷ ಗ್ರಾಂಟ್ ಅವರಿಗೆ ಸಮಾನಾ ಕೊಲ್ಲಿಯಲ್ಲಿ ನೌಕಾನೆಲೆ ಬೇಕಿತ್ತು. ತಮ್ಮ ದೇಶದ ದಕ್ಷಿಣ ಭಾಗದಲ್ಲಿ ಹಿಂಸೆ ಉಣ್ಣುತ್ತಿದ್ದ ಕಪ್ಪು ಜನರಿಗೆ ಅಲ್ಲೊಂದು ಆಸರೆಯಾದೀತೆಂಬ ಆಸೆಯೂ ಇತ್ತು. 1869ರ ನವೆಂಬರಿನಲ್ಲಿ ಕರಾರು ಆಯಿತು. ಸಾಲ ತೀರಿಸಲು 15 ಲಕ್ಷ ಡಾಲರು.

ಆಮೇಲೆ ಜನಮತ. ಪರವಾಗಿ 15 ಸಾವಿರಕ್ಕೂ ಮೇಲೆ, ವಿರೋಧವಾಗಿ ಹನ್ನೊಂದೇ ಹನ್ನೊಂದು! ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ಲೆಕ್ಕ ಇಷ್ಟು ಚೊಕ್ಕವಾಗಿ ಕಂಡರೆ ಇನ್ನೊಮ್ಮೆ ಕೂಡಿ ನೋಡುವ ಚಟ. ಲೂಪೆರೋನ್, ಕಬ್ರಾಲ್ ಮೊದಲಾದವರು ಬಯೇಸರ ವಿರುದ್ಧ ಆಯುಧವನ್ನೇ ಹಿಡಿದಿದ್ದರು. ಅವರ ಕಡೆಯವರೆಲ್ಲ ಆ ಹನ್ನೊಂದರಲ್ಲಿ ಹಿಡಿಸುತ್ತಾರೆಯೇ?

ಅಮೆರಿಕದ ಸೆನೆಟ್ಟಿನಲ್ಲಿ ಸಂಮ್ನರ್ ಎಂಬ ಹಿರಿಯ ಸದಸ್ಯರು ಇದನ್ನು ಬಲವಾಗಿ ಎದುರಿಸಿದರು. 1870ರ ಜೂನ್ 30ರಂದು ಮತಕ್ಕೆ ಹಾಕಿದಾಗ 28ಕ್ಕೆ 28. ಮೂರರಲ್ಲಿ ಎರಡು ಪಾಲು ಬೇಕಿತ್ತು, ಕರಾರು ಬಿದ್ದುಹೋಯಿತು. ಗುಲಾಮಗಿರಿಯಿಂದ ಪಾರಾಗಿ ಬಂದ ನಾಯಕ ಫ್ರೆಡರಿಕ್ ಡಗ್ಲಾಸ್ ಅವರು 1871ರಲ್ಲಿ ಆಯೋಗದ ಜೊತೆ ಹೋಗಿ ನೋಡಿ ಬಂದು, ಸೇರುವುದೇ ಒಳ್ಳೆಯದೆಂದರು. ಆದ್ದರಿಂದ ಎಲ್ಲ ಒಳ್ಳೆಯವರೂ ಒಂದೇ ಕಡೆ ಇದ್ದರೆನ್ನುವಂತಿಲ್ಲ.

ಕರಾರು ಗೆದ್ದಿದ್ದರೂ ಮರುದಿನವೇ ರಾಜ್ಯದ ಪಟ್ಟ ಸಿಗುತ್ತಿರಲಿಲ್ಲ. ಸ್ಪ್ಯಾನಿಷ್ ಮಾತಿನವರೇ ಹೆಚ್ಚಾಗಿದ್ದ ನ್ಯೂ ಮೆಕ್ಸಿಕೊ 1848ರಲ್ಲಿ ಅಮೆರಿಕದ ಪಾಲಾಯಿತು, ರಾಜ್ಯವಾದದ್ದು 1912ರಲ್ಲಿ. ಪಕ್ಕದ ದ್ವೀಪ ಪೋರ್ಟೊ ರಿಕೊ 1898ರಿಂದ ಅಮೆರಿಕದ ಕೈಯಲ್ಲಿದೆ. 1917ರಲ್ಲಿ ಅಲ್ಲಿಯವರಿಗೆ ಪೌರತ್ವ ಬಂತು, ಆದರೆ ಅಲ್ಲೇ ನೆಲೆಸಿರುವವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಅಲ್ಲಿಯ ಶಾಲೆಗಳಲ್ಲಿ ಇಂಗ್ಲಿಷ್ ಹೇರಿ, ತೆಗೆದು, ಮತ್ತೆ ಹೇರಿ, 1949ರಲ್ಲಿ ಸ್ಪ್ಯಾನಿಷ್ ಕಲಿಕೆಯ ಭಾಷೆಯಾಗಿ ಮರಳಿತು. ಮನೆಯಲ್ಲೊಂದು, ಹಲಗೆಯ ಮೇಲೊಂದು ಭಾಷೆ; ಆ ಮಕ್ಕಳ ಪಾಡು ನಾನು ಬಿಡಿಸಿ ಹೇಳಬೇಕೇ? ಡೊಮಿನಿಕನ್ ಮಕ್ಕಳಿಗೂ ಬಹುಶಃ ಅದೇ ಕಾದಿತ್ತು.

ಸೇರಲಿಲ್ಲವೆಂದು ಅಮೆರಿಕವೇನೂ ದೂರ ನಿಲ್ಲಲಿಲ್ಲ. 1916ರಿಂದ 1924ರವರೆಗೆ ಅದರ ಸೈನ್ಯವೇ ಅಲ್ಲಿ ಆಡಳಿತ ನಡೆಸಿತು. ಸೈನ್ಯ ಹೋಯಿತು, ಊರಿನ ಮಾತು ಸ್ಪ್ಯಾನಿಷ್ ಆಗಿಯೇ ಉಳಿಯಿತು.