ಸಹಬರವಣಿಗೆ ಮತ್ತು ಲಿಂಗತ್ವ: ಇಂಗ್ಲಿಶ್ ತರಗತಿಯಲ್ಲಿ ಲೇಖನಿ ಯಾರ ಕೈಯಲ್ಲಿದೆ?

ಇಂಗ್ಲಿಶ್ ಕಲಿಕೆಯಲ್ಲಿ ಇಬ್ಬರು ಅಥವಾ ಹೆಚ್ಚು ವಿದ್ಯಾರ್ಥಿಗಳು ಕೂಡಿ ಒಂದೇ ಪಠ್ಯವನ್ನು ರಚಿಸುವ ಕ್ರಮವನ್ನು ಸಹಬರವಣಿಗೆ ಎನ್ನಬಹುದು. ಇದರ ಬಗೆಗಿನ ಧೋರಣೆಯನ್ನು ಪ್ರಶ್ನಾವಳಿಯಿಂದ ಅಳೆದು, ಗಂಡು-ಹೆಣ್ಣುಗಳ ಅಂಕಗಳನ್ನು ಹೋಲಿಸುವುದು ಸಂಶೋಧನೆಯ ಒಂದು ರೂಢಿ. ವಿದ್ಯಾರ್ಥಿನಿಯರ ಅಂಕ ತುಸು ಮೇಲಿದ್ದರೆ ಸಹಕಾರವು ಸ್ತ್ರೀಸಹಜ ಗುಣವೆಂಬ ತೀರ್ಮಾನಕ್ಕೆ ಜಾರುವುದು ಸುಲಭ. ಈ ತೀರ್ಮಾನವನ್ನು ಒಪ್ಪುವುದು ಕಷ್ಟ.

ಮೆಲ್ಬರ್ನ್‌ನ ಸಂಶೋಧಕಿ ನಿಯೋಮಿ ಸ್ಟಾರ್ಚ್ 2002ರ ತಮ್ಮ ಅಧ್ಯಯನದಲ್ಲಿ ಜೋಡಿಗಳ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ನಾಲ್ಕು ಮಾದರಿಗಳನ್ನು ಗುರುತಿಸಿದರು: ಇಬ್ಬರೂ ಸಮನಾಗಿ ದುಡಿಯುವುದು, ಇಬ್ಬರೂ ಮೇಲುಗೈಗೆ ಹೆಣಗುವುದು, ಒಬ್ಬರು ನಡೆಸಿ ಇನ್ನೊಬ್ಬರು ಸುಮ್ಮನಿರುವುದು, ಬಲ್ಲವರು ಅರಿಯದವರನ್ನು ಜೊತೆಗೊಯ್ಯುವುದು. ಮೊದಲ ಮತ್ತು ಕೊನೆಯ ಮಾದರಿಗಳಲ್ಲಿಯೇ ಕಲಿಕೆ ಹೆಚ್ಚಾಗಿ ನಿಂತದ್ದು ಕಂಡುಬಂತು. ಮೂರನೆಯ ಮಾದರಿಯಲ್ಲಿ ಸುಮ್ಮನೆ ಕುಳಿತವರೂ ಪ್ರಶ್ನಾವಳಿಯಲ್ಲಿ ‘ಇಷ್ಟವಾಯಿತು’ ಎಂದು ಗುರುತು ಹಾಕಬಹುದಲ್ಲವೆ? ಹೊರೆ ಇಳಿದ ನೆಮ್ಮದಿಯನ್ನೂ ಕೂಡಿ ಬರೆದ ಸಂತೋಷವನ್ನೂ ಐದು ಅಂಶಗಳ ಮಾಪನ ಬೇರ್ಪಡಿಸಲಾರದು.

ಲೀಸಾ ಈಡ್ ಮತ್ತು ಆಂಡ್ರಿಯಾ ಲನ್ಸ್‌ಫರ್ಡ್ 1990ರ ತಮ್ಮ ಗ್ರಂಥದಲ್ಲಿ ಅಮೆರಿಕದ ವೃತ್ತಿಪರರ ಸಹಬರವಣಿಗೆಯಲ್ಲಿ ಶ್ರೇಣೀಕೃತ ಹಾಗೂ ಸಂವಾದಾತ್ಮಕ ಎಂಬ ಎರಡು ರೀತಿಗಳನ್ನು ಕಂಡರು. ಎರಡನೆಯದನ್ನು ವಿವರಿಸಿದವರಲ್ಲಿ ಮಹಿಳೆಯರೇ ಹೆಚ್ಚು. ಆದರೆ ಇದನ್ನು ಸ್ವಭಾವವೆಂದು ಓದಬೇಕಾಗಿಲ್ಲ. ಜಾನೆಟ್ ಹೈಡ್ 2005ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಂಡು-ಹೆಣ್ಣುಗಳ ನಡುವಿನ ಹೆಚ್ಚಿನ ಮಾನಸಿಕ ವ್ಯತ್ಯಾಸಗಳು ಅತ್ಯಲ್ಪವೆಂದು ಕಂಡುಬಂತು. ವ್ಯತ್ಯಾಸದ ಬೇರನ್ನು ಸ್ಥಾನದಲ್ಲಿ, ಅಂದರೆ ಯಾರಿಗೆ ಯಾವ ಪಾತ್ರ ದೊರೆಯುತ್ತದೆ ಎಂಬಲ್ಲಿ ಹುಡುಕುವುದು ಹೆಚ್ಚು ಫಲಪ್ರದ.

ನಮ್ಮ ಅನೇಕ ಪದವಿ ತರಗತಿಗಳಲ್ಲಿ ಹುಡುಗಿಯರ ಸಾಲು, ಹುಡುಗರ ಸಾಲು ಬೇರೆಬೇರೆ. ಅಧ್ಯಾಪಕರು ಬೆರೆಸಿದಾಗ ಮಾತ್ರ ಮಿಶ್ರ ಗುಂಪು. ಆಗಲೂ ‘ಅಕ್ಷರ ದುಂಡಗಿದೆ’ ಎಂಬ ನೆಪದಿಂದ ಲೇಖನಿ ಹುಡುಗಿಯ ಕೈಗೆ ಹೋಗುವುದುಂಟು. ಚರ್ಚೆ ಕನ್ನಡದಲ್ಲಿ ನಡೆಯುತ್ತದೆ, ವಾದ ಗೆದ್ದವರ ವಾಕ್ಯ ಇಂಗ್ಲಿಶಿನಲ್ಲಿ ಇಳಿಯುತ್ತದೆ. ಶಾಸನಾಭ್ಯಾಸಿಗಳಿಗೆ ಇದು ಹೊಸತಲ್ಲ: ರಚಿಸಿದವನು ಬೇರೆ, ಬರೆದವನು ಬೇರೆ, ಕಂಡರಿಸಿದವನು ಬೇರೆ. ಶಾಸನ ಎಷ್ಟೋ ಸಲ ಮೂವರನ್ನೂ ಹೆಸರಿಸುತ್ತದೆ. ತರಗತಿಯ ಉತ್ತರಪತ್ರಿಕೆ ಗುಂಪಿನ ಹೆಸರನ್ನಷ್ಟೇ ಹೇಳುತ್ತದೆ. ಲಿಪಿಕಾರ್ತಿಯಾದ ವಿದ್ಯಾರ್ಥಿನಿ ಸಹಕಾರಶೀಲಳೆಂದು ದಾಖಲಾಗುತ್ತಾಳೆ, ಆಕೆಯ ವಾಕ್ಯ ಎಷ್ಟು ಉಳಿಯಿತೆಂಬುದು ದಾಖಲಾಗುವುದಿಲ್ಲ.

ಹೀಗಾಗಿ ಧೋರಣೆಯ ಪ್ರಶ್ನಾವಳಿಯ ಜೊತೆಗೆ ಗುಂಪಿನ ಮಾತುಕತೆಯ ಧ್ವನಿಮುದ್ರಣವೂ ಕರಡುಪ್ರತಿಗಳೂ ಬೇಕು. ಮೊದಲ ವಾಕ್ಯ ಯಾರದು, ಹೊಡೆದುಹಾಕಿದವರು ಯಾರು, ಆಕ್ಷೇಪಿಸಿದಾಗ ಏನಾಯಿತು ಎಂಬ ಪ್ರಶ್ನೆಗಳನ್ನು ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕವಾಗಿ, ಕನ್ನಡದಲ್ಲಿಯೇ ಕೇಳಬೇಕು.